ಬೋರ್ಡಿನಲ್ಲಿಲ್ಲದ ಹೆಸರು

“ಬಟನ್ ಒತ್ತಿದ್ದು ನಾನೇ. ಇನ್ನೆಷ್ಟು ಸಲ ಹೇಳ್ಬೇಕು? ಬೇಕಾದ್ರೆ ಈ ಬೆರಳು ಕತ್ತರಿಸ್ಕೊಂಡು ಹೋಗಿ!”

ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವ ಮದ್ದಿನ ಮೇಸ್ತ್ರಿ ಬಲಗೈಯನ್ನು ಮೇಜಿಗೆ ಬಡಿದ. ತಗಡಿನ ಶೆಡ್ಡು ಅದುರಿತು. ಹೊರಗೆ ಕಲ್ಲು ಪುಡಿಮಾಡುವ ಯಂತ್ರ ಹಲ್ಲು ಕಡಿಯುತ್ತಲೇ ಇತ್ತು.

ಇನ್‌ಸ್ಪೆಕ್ಟರ್ ಆ ಬೆರಳನ್ನು ನೋಡಿದಳು. ಆಮೇಲೆ ಬಾಗಿಲನ್ನು ನೋಡಿದಳು. ಯಾರೋ ಚೂಪು ಕಲ್ಲಿನಿಂದ ಅದರ ಮೇಲೆ ‘ಕೊಲೆಗಾರ’ ಎಂದು ಗೀಚಿದ್ದರು. ಉಜ್ಜಿ ಅಳಿಸಲು ಹೋದ ಮೇಸ್ತ್ರಿ ಅದು ಇನ್ನಷ್ಟು ಎದ್ದು ಕಾಣುವಂತೆ ಮಾಡಿದ್ದ.

“ಬೆರಳು ನಿಮ್ಮ ಹತ್ರಾನೇ ಇರ್ಲಿ,” ಅಂದಳು. “ಒತ್ತೋ ಮುಂಚೆ ಕಣ್ಣಿಗೆ ಏನು ಕಾಣ್ತು, ಅದನ್ನ ಹೇಳಿ.”

“ಹೇಳಿ ಆಯ್ತು.”

“ಮತ್ತೆ ಹೇಳಿ.”

ಠಾಣೆಯಲ್ಲಿ ಬೆನ್ನ ಹಿಂದೆ ಅವಳಿಗೆ ಗರಗಸ ಎಂದೇ ಹೆಸರು. ಒಂದೇ ಪ್ರಶ್ನೆಯನ್ನು ಹಿಂದೆ ಮುಂದೆ ಎಳೆದೂ ಎಳೆದೂ ಕೊನೆಗೆ ಎದುರಿಗೆ ಕೂತವನನ್ನು ಎರಡು ತುಂಡು ಮಾಡುತ್ತಾಳೆ ಅಂತ. ಅದು ಅವಳಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಗಣಿಯ ಸರ್ವೇಯರ್ ಪೂರ್ವದ ಗೋಡೆಯ ಬುಡದಲ್ಲಿ, ಸಿಡಿದ ಬಂಡೆಗಳ ಕೆಳಗೆ ಸತ್ತು ಒಂದು ವಾರವಾಗಿತ್ತು. ಎಚ್ಚರಿಕೆ ಎಲ್ಲರಿಗೂ ಮುಟ್ಟಿತ್ತು, ಅವನೊಬ್ಬನಿಗೆ ಮುಟ್ಟಲಿಲ್ಲ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು.

ಮೇಸ್ತ್ರಿ ಗೋಡೆಯ ಮೇಲಿನ ದೊಡ್ಡ ಪರದೆಯತ್ತ ಗದ್ದ ಎತ್ತಿದ. ಅದರಲ್ಲಿ ಹೆಸರುಗಳ ಸಾಲು.

“ಇದು ಬೋರ್ಡು. ಕೆಳಗಿಳಿಯೋ ಪ್ರತಿಯೊಬ್ಬನ ಸೊಂಟದಲ್ಲೂ ಒಂದು ಹ್ಯಾಂಡ್‌ಸೆಟ್ಟು. ಅದು ಆನ್ ಆದ ಕೂಡ್ಲೇ ಹೆಸರು ಇಲ್ಲಿ ಬರುತ್ತೆ. ನಾನು ಎಚ್ಚರಿಕೆ ಕಳಿಸಿದ್ರೆ ಎಲ್ಲಾ ಹ್ಯಾಂಡ್‌ಸೆಟ್ಟೂ ಒಂದೇ ಸಲ ಬಾಯಿ ಬಡ್ಕೊಳ್ಳುತ್ತೆ. ಮೇಲೆ ಬಂದವನು ‘ಹೊರಗಿದ್ದೀನಿ’ ಅಂತ ಒತ್ತಬೇಕು. ಒತ್ತಿದ್ರೆ ಹೆಸರು ಹಸಿರಾಗುತ್ತೆ. ಎಲ್ಲಾ ಹಸಿರಾಗೋವರೆಗೆ ನನ್ನ ಬಟನ್ ಕೆಲಸಾನೇ ಮಾಡಲ್ಲ.”

“ಅವತ್ತು ಎಲ್ಲಾ ಹಸಿರಾಗಿತ್ತಾ?”

“ಒಂದು ಹೆಸರೂ ಬಿಡದ ಹಾಗೆ.”

“ಸರ್ವೇಯರನ ಹೆಸರು?”

“ಬೆಳಿಗ್ಗೆ ಇತ್ತು. ಆಮೇಲೆ ಇರ್ಲಿಲ್ಲ. ಹೆಸರು ಹೋಯ್ತು ಅಂದ್ರೆ ಆಸಾಮಿ ಮೇಲೆ ಬಂದ, ಆಫ್ ಮಾಡ್ದ ಅಂತ ಲೆಕ್ಕ. ದಿನಾ ಬರ್ತಾರೆ, ಹೋಗ್ತಾರೆ. ಬೋರ್ಡಲ್ಲೇ ಇಲ್ಲದವನಿಗೆ ಯಾರು ಕಾಯ್ತಾರೆ? ನೀವು ಕಾಯ್ತಿದ್ರಾ?”

ಅವಳು ಬೋರ್ಡಿನ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದಳು.

“ಮುಂಚೆ ಬಾವುಟ ಹಿಡಿದು ನಿಲ್ಲೋರು ಇದ್ರು. ಸೈರನ್ ಇತ್ತು. ಈ ಬೋರ್ಡು ಬಂತು, ಎರಡನ್ನೂ ಕಿತ್ತು ಬಿಸಾಕಿದ್ರು. ಈಗ ನನ್ನ ತಲೆ ಮೇಲೆ ಗೂಬೆ ಕೂರಿಸಿ ಎಲ್ಲರೂ ಕೈ ತೊಳ್ಕೊಂಡಿದ್ದಾರೆ. ಇದನ್ನ ಮಾಡಿದವನನ್ನ ಹೋಗಿ ಕೇಳಿ. ಅವನು ಏಸಿ ರೂಮಲ್ಲಿ ಕೂತಿದ್ದಾನೆ.”

“ಅಲ್ಲಿಗೇ ಹೋಗ್ತಿದ್ದೀನಿ. ಇವತ್ತು ಮತ್ತೆ ಸಿಡಿಸ್ತೀರಂತೆ?”

“ಪೂರ್ವದ ಗೋಡೇಲಿ ಬಂಡೆಗಳು ಜೋತು ಬಿದ್ದಿವೆ. ಬೀಳಿಸದೆ ಇದ್ರೆ ಇನ್ನೊಂದು ಹೆಣ ಬೀಳುತ್ತೆ. ಬೋರ್ಡು ಹಸಿರಾದ ಕೂಡ್ಲೇ ಒತ್ತೋದು. ಯಾವನಾದ್ರೂ ಬೇರೆಯವನು ಒತ್ತೋಕೆ ಒಪ್ಪಿದ್ರೆ ನನಗೂ ಖುಷಿನೇ.”

“ನಾನು ಹೇಳೋವರೆಗೆ ಒತ್ತಬೇಡಿ.”

“ಬರೆದು ಕೊಡಿ,” ಅಂದ ಮೇಸ್ತ್ರಿ. ಮುಖ ತಿರುಗಿಸಿಕೊಂಡ.

ಶೆಡ್ಡಿನಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಯಾರೂ ಅವಳಿಗೆ ಜಾಗ ಬಿಡಲಿಲ್ಲ. ಕೆಲಸಗಾರರು ಅವಳು ಹತ್ತಿರ ಬಂದಂತೆ ಮಾತು ನಿಲ್ಲಿಸುತ್ತಿದ್ದರು, ದಾಟಿದ ಮೇಲೆ ನಗುತ್ತಿದ್ದರು. ಲಾರಿಯವನೊಬ್ಬ ಅವಳು ಪಕ್ಕಕ್ಕೆ ಬರುವವರೆಗೆ ಕಾದು ಆಕ್ಸಿಲರೇಟರ್ ಅದುಮಿದ. ಬಿಳಿ ಧೂಳು ಸಮವಸ್ತ್ರದ ಮೇಲೆ ಹಿಟ್ಟಿನಂತೆ ಕೂತಿತು. ಗಣಿ ಮುಚ್ಚಿಸಲು ಬಂದವಳು ಅಂತ ಯಾರೋ ಅವರ ಕಿವಿಗೆ ಊದಿದ್ದರು.

ಅವಳು ಧೂಳು ಕೊಡವಿಕೊಳ್ಳಲೂ ಇಲ್ಲ.

ಆಫೀಸಿನ ಒಳಗಿನ ಕೋಣೆಯಲ್ಲಿ ಎಂಜಿನಿಯರ್ ಕೂತಿದ್ದ. ಬೋರ್ಡು, ಹ್ಯಾಂಡ್‌ಸೆಟ್ಟು, ಅವೆರಡನ್ನೂ ಹೊಲಿಯುವ ತಂತ್ರ, ಎಲ್ಲ ಅವನದೇ ಕೈಕೆಲಸ. ಸತ್ತ ಸರ್ವೇಯರ್ ಅವನಿಗೆ ಭಾವ, ಒಡಹುಟ್ಟಿದ ಅಕ್ಕನ ಗಂಡ. ಆ ಅಕ್ಕ ಇದೇ ಗಣಿಯ ಗೇಟಿನಲ್ಲಿ ಪ್ರತಿ ಬೆಳಿಗ್ಗೆ ಹ್ಯಾಂಡ್‌ಸೆಟ್ ಹಂಚುವವಳು.

“ಮತ್ತೆ ಬಂದ್ರಾ?” ಅವನು ಪರದೆಯಿಂದ ತಲೆ ಎತ್ತಲಿಲ್ಲ. “ಬ್ಯಾಟರಿ ಹೋಯ್ತು, ಇಲ್ಲಾ ಸಿಗ್ನಲ್ ಹೋಯ್ತು, ಲೈನ್ ಕಡಿದುಹೋಯ್ತು. ಲೈನ್ ಕಡಿದ್ರೆ ಸರ್ವರ್ ಹೆಸರು ತೆಗೆಯುತ್ತೆ. ಅದು ಅದರ ಧರ್ಮ. ಇದನ್ನ ಬರೆದೂ ಕೊಟ್ಟಿದ್ದೀನಿ.”

“ಓದಿದೆ. ಬಾಯಲ್ಲಿ ಕೇಳೋಣ ಅಂತ ಬಂದೆ. ನಿಧಾನಕ್ಕೆ ಹೇಳು, ನಾನು ದಡ್ಡಿ ಅನ್ಕೋ.”

“ಅನ್ಕೊಳ್ಳೋದೇನು ಬಂತು,” ಎಂದು ಅವನು ಗೊಣಗಿದ. ಆದರೂ ಹೇಳಿದ. ತನ್ನ ಕೆಲಸದ ಬಗ್ಗೆ ಹೇಳುವಾಗ ಮಾತ್ರ ಅವನ ದನಿಗೆ ಜೀವ ಬರುತ್ತಿತ್ತು.

“ಇದಕ್ಕೆ ವೆಬ್‌ಸಾಕೆಟ್ ಅಂತಾರೆ. ಫೋನ್ ಕರೆ ಇದ್ದ ಹಾಗೆ. ಹ್ಯಾಂಡ್‌ಸೆಟ್ ಕರೆ ಮಾಡುತ್ತೆ, ಸರ್ವರ್ ಎತ್ತುತ್ತೆ, ಆಮೇಲೆ ಇಬ್ಬರೂ ಇಡೋದಿಲ್ಲ. ಲೈನ್ ಹಾಗೇ ತೆರೆದಿರುತ್ತೆ. ಯಾರ್ಯಾರ ಲೈನ್ ತೆರೆದಿದೆ ಅಂತ ಸರ್ವರ್ ನೆನಪಲ್ಲಿ ಇಟ್ಕೊಂಡಿರುತ್ತೆ. ಎಚ್ಚರಿಕೆ ಬಂದ್ರೆ ಆ ನೆನಪಲ್ಲಿರೋ ಪ್ರತಿಯೊಬ್ಬರಿಗೂ ಅದೇ ಕ್ಷಣಕ್ಕೆ ಕಳಿಸುತ್ತೆ. ಅಷ್ಟೇ.”

“ಲೈನ್ ಸತ್ತಿದ್ಯೋ ಬದುಕಿದ್ಯೋ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

“ಆಗಾಗ ಕೇಳ್ತಾ ಇರುತ್ತೆ. ‘ಇದ್ದೀಯಾ?’ ಅಂತ. ಹ್ಯಾಂಡ್‌ಸೆಟ್ ‘ಇದ್ದೀನಿ’ ಅನ್ನುತ್ತೆ. ಅನ್ನಲಿಲ್ಲ ಅಂದ್ರೆ ಲೈನ್ ಮುಚ್ಚಿ ಹೆಸರು ತೆಗೆದುಹಾಕುತ್ತೆ.”

ಬಾಗಿಲು ಕಿರುಗುಟ್ಟಿತು. ಅಕ್ಕ ಒಳಬಂದಳು. ಎರಡೂ ಕೈಯಲ್ಲಿ ಅಗಲದ ತಟ್ಟೆ, ಅದರ ತುಂಬ ಹಂಚಲು ಆನ್ ಮಾಡಿಟ್ಟ ಹ್ಯಾಂಡ್‌ಸೆಟ್‌ಗಳು. ಇನ್‌ಸ್ಪೆಕ್ಟರನ್ನು ಕಂಡು ಅವಳ ತುಟಿ ಬಿಗಿಯಿತು.

“ಇವನನ್ನ ಹಿಡ್ಕೊಂಡು ಹೋಗೋದಾದ್ರೆ ಹೋಗಿ,” ಅಂದಳು. “ಇಲ್ಲಾಂದ್ರೆ ದಾರಿ ಬಿಡಿ. ನಮಗೆ ಕೆಲಸ ಇದೆ.”

“ಬೆಳಿಗ್ಗೆ ಗೇಟಲ್ಲೇ ಕೇಳ್ಬೇಕು ಅನ್ಕೊಂಡೆ. ಒಂದು ವಾರಕ್ಕೇ ಕೆಲಸಕ್ಕೆ ಬಂದ್ರಾ?”

“ಮನೇಲಿ ಕೂತು ಬಂದವರಿಗೆಲ್ಲ ಅತ್ತು ತೋರಿಸ್ಬೇಕಿತ್ತಾ?” ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಹ್ಯಾಂಡ್‌ಸೆಟ್‌ಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ತಮ್ಮನ ಮುಖವನ್ನು ಅವಳು ನೋಡಲಿಲ್ಲ. ಅವನೂ ಅವಳನ್ನು ನೋಡಲಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವುದನ್ನು ಇನ್‌ಸ್ಪೆಕ್ಟರ್ ಮೊದಲ ದಿನದಿಂದಲೂ ಗಮನಿಸಿದ್ದಳು.

“ಇರಿ, ಹೋಗ್ಬೇಡಿ,” ಅಂದಳು ಇನ್‌ಸ್ಪೆಕ್ಟರ್. “ನೀವೂ ಕೇಳಬೇಕಾದ ಮಾತು.”

ಅಕ್ಕ ಗೋಡೆಗೆ ಒರಗಿ ಕೈಕಟ್ಟಿ ನಿಂತಳು.

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಎಂಜಿನಿಯರನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು.

“ಸಿಗ್ನಲ್ ಕೊಡೋ ಕಂಪನಿಯವರ ಹತ್ರ ಅವತ್ತಿನ ದಾಖಲೆ ತರಿಸಿದ್ವಿ. ನಿಮ್ಮ ಸರ್ವರಿಗೂ ನಿನ್ನ ಭಾವನ ಹ್ಯಾಂಡ್‌ಸೆಟ್ಟಿಗೂ ನಡುವೆ ಏನೇನು ಓಡಾಡ್ತು ಅನ್ನೋದು. ಮಾತಿಗೆಲ್ಲ ಬೀಗ ಹಾಕಿದ್ದೀಯ, ಒಳಗೇನಿದೆ ಅಂತ ಓದೋಕೆ ಆಗ್ಲಿಲ್ಲ. ಆದ್ರೆ ಓಡಾಡಿದ್ದು ಕಂಡಿದೆ.”

ಅವನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು.

“ಬೋರ್ಡಿಂದ ಹೆಸರು ಹೋದ ಮೇಲೂ ‘ಇದ್ದೀಯಾ’ ಅಂತ ಕೇಳ್ತಾನೇ ಇತ್ತು ನಿನ್ನ ಸರ್ವರು. ‘ಇದ್ದೀನಿ’ ಅಂತ ಹ್ಯಾಂಡ್‌ಸೆಟ್ ಹೇಳ್ತಾನೇ ಇತ್ತು. ಸಿಡಿತ ಆಯ್ತು. ಬಂಡೆ ಬಿತ್ತು. ಆಗಲೂ ನಿಲ್ಲಲಿಲ್ಲ. ಮನುಷ್ಯ ಸತ್ತು ಬಿದ್ದಿದ್ದಾನೆ, ಕಲ್ಲಿನ ಸಂದಿಯಿಂದ ಅದು ‘ಇದ್ದೀನಿ, ಇದ್ದೀನಿ’ ಅಂತಾನೇ ಇದೆ. ಸಂಜೆವರೆಗೆ.”

ಗೋಡೆಯ ಹತ್ತಿರ ಅಕ್ಕನ ಉಸಿರು ಕೇಳಿಸಿತು.

“ಲೈನ್ ಕಡೀಲಿಲ್ಲ ಕಣೋ,” ಅಂದಳು ಇನ್‌ಸ್ಪೆಕ್ಟರ್. “ಲೈನ್ ಬಿಟ್ಟು ಹೆಸರು ಮಾತ್ರ ತೆಗೆದಿದ್ದಾರೆ. ಕೈಯಾರೆ.”

“ಅದು… ಹಾಗೆಲ್ಲ ತಾನಾಗೇ ಆಗಲ್ಲ.”

“ಅದನ್ನೇ ನಾನೂ ಹೇಳ್ತಿರೋದು. ಮಾಡೋಕೆ ಆಗುತ್ತಾ, ಇಲ್ವಾ?”

ಅವನು ತುಟಿ ಒದ್ದೆ ಮಾಡಿಕೊಂಡ. “ಆಗುತ್ತೆ. ಒಂದು ಸಾಲಿನ ಕೆಲಸ. ಹಾಗಂತ ನಾನು ಮಾಡ್ದೆ ಅಂತಲ್ಲ.”

“ಸರ್ವರಿನ ಕೀಲಿ, ಅಂದ್ರೆ ಪಾಸ್‌ವರ್ಡ್, ಯಾರ ಹತ್ರ ಇದೆ?”

“ನನ್ನ ಹತ್ರ.”

“ಮತ್ಯಾರ ಹತ್ರ?”

“ನನ್ನ ಹತ್ರ ಮಾತ್ರ! ಗಣಿ ಧಣಿಗಳಿಗೂ ಕೊಟ್ಟಿಲ್ಲ. ಅವರು ಮನೇಲಿ ಕೂತು ಬೋರ್ಡು ನೋಡಬಹುದು, ಮುಟ್ಟೋಕೆ ಆಗಲ್ಲ.” ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೆ ಹೊಳೆಯಿತು. ಮುಖ ಕೆಂಪಾಯಿತು. “ನನ್ನ ಸ್ವಂತ ಭಾವನನ್ನ ನಾನೇ ಕೊಂದೆ ಅಂತೀರಾ? ನನ್ನನ್ನ ಓದಿಸಿದ್ದು ಅವನು! ನೀವು ಮನುಷ್ಯರಾ ಅಥವಾ…”

“ಅಥವಾ ಗರಗಸ. ಗೊತ್ತು. ಕೂತ್ಕೋ.”

ಅವನು ಎದ್ದು ನಿಂತಿದ್ದ. ಕೂರಲಿಲ್ಲ.

ಇನ್‌ಸ್ಪೆಕ್ಟರ್ ಸೊಂಟದಿಂದ ಒಂದು ಹ್ಯಾಂಡ್‌ಸೆಟ್ ತೆಗೆದಳು. ಬೆಳಿಗ್ಗೆ ಗೇಟಿನಲ್ಲಿ ಅಕ್ಕನೇ ಅವಳ ಕೈಗೆ ತುರುಕಿದ್ದು. ಮೇಲೆ ಪುಟ್ಟ ಹಸಿರು ದೀಪ ಉರಿಯುತ್ತಿತ್ತು.

“ಈ ದೀಪ ಏನು?”

“ಲೈನ್ ಇದೆ ಅಂತ.”

“ಸರಿ. ನನ್ನ ಹೆಸರು ತೆಗಿ. ಲೈನ್ ಮುಟ್ಟಬೇಡ. ಆಮೇಲೆ ಎಲ್ಲರಿಗೂ ಎಚ್ಚರಿಕೆ ಕಳಿಸು.”

“ತಮಾಷೆನಾ? ಕೆಳಗೆ ಜನ ಇದ್ದಾರೆ. ಗಾಬರಿಯಾಗಿ ಓಡ್ತಾರೆ.”

“ಓಡ್ಲಿ. ಓಡಿದ್ರೆ ಯಾರೂ ಸಾಯಲ್ಲ.”

ಅವನು ಅಕ್ಕನ ಕಡೆ ನೋಡಿದ, ಮೊದಲ ಸಲ. ಅಕ್ಕ ನೆಟ್ಟಗೆ ನಿಂತಿದ್ದಳು. “ಈಗ ಬೇಡ,” ಅಂದಳು. “ಜನ ಈಗಾಗ್ಲೇ ಹೆದರಿ ಕೂತಿದ್ದಾರೆ. ಸಾಯಂಕಾಲ ಮಾಡಿ.”

“ಈಗಲೇ,” ಅಂದಳು ಇನ್‌ಸ್ಪೆಕ್ಟರ್.

ಎಂಜಿನಿಯರ್ ಕೂತು ಏನೋ ಒಂದು ಸಾಲು ಬಡಿದ. ಮೂಲೆಯ ಪರದೆಯಲ್ಲಿ ಕಾಣುತ್ತಿದ್ದ ಬೋರ್ಡಿನಿಂದ ‘ಪೊಲೀಸ್’ ಎಂಬ ಹೆಸರು ಮಾಯವಾಯಿತು. ಅವಳ ಕೈಯಲ್ಲಿದ್ದ ಹ್ಯಾಂಡ್‌ಸೆಟ್ಟಿನ ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು.

ಅವನು ಇನ್ನೊಂದು ಕೀಲಿ ಒತ್ತಿದ.

ಕೋಣೆ ಕಿರುಚಿತು. ತಟ್ಟೆಯಲ್ಲಿದ್ದ ಹ್ಯಾಂಡ್‌ಸೆಟ್‌ಗಳು ಒಟ್ಟಿಗೇ ನಡುಗುತ್ತ, ಮಿನುಗುತ್ತ, ತಟ್ಟೆಯನ್ನೇ ಮೇಜಿನ ಅಂಚಿಗೆ ಜಾರಿಸತೊಡಗಿದವು. ಅಕ್ಕನ ಸೊಂಟದಲ್ಲಿದ್ದದ್ದು ಕಿರುಚಿತು. ಕಿಟಕಿಯ ಹೊರಗಿನಿಂದ, ಅಂಗಳದಿಂದ, ಕೆಳಗೆ ಆಳದ ಗಣಿಯಿಂದ ಅದೇ ಸದ್ದು ಅಲೆಯಲೆಯಾಗಿ ಎದ್ದು ಬಂತು. ಯಾರೋ ಬೈಯುತ್ತ ಓಡಿದರು.

ಇನ್‌ಸ್ಪೆಕ್ಟರ್ ತನ್ನ ಹ್ಯಾಂಡ್‌ಸೆಟ್ಟನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಅದು ಮೂಕವಾಗಿತ್ತು.

“ನೋಡಿದ್ರಲ್ಲ,” ಎಂದು ಎಂಜಿನಿಯರ್ ಗದ್ದಲದ ಮೇಲೆ ಕೂಗಿದ. “ಆಯ್ತಾ ಸಮಾಧಾನ?”

ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವನ ಸೊಂಟ ನೋಡುತ್ತಿದ್ದಳು.

“ನನ್ನದು ಸುಮ್ಮನಿರೋದು ಸರಿ,” ಅಂದಳು. “ನಿನ್ನದು ಯಾಕೆ ಸುಮ್ಮನಿದೆ?”

ಅವನು ತಗ್ಗಿ ನೋಡಿದ. ಬೆಲ್ಟಿಗೆ ಸಿಕ್ಕಿಸಿದ್ದ ಹ್ಯಾಂಡ್‌ಸೆಟ್ ಕದಲಲಿಲ್ಲ. ದೀಪ ಉರಿಯುತ್ತಿತ್ತು. ಅವನು ಅದನ್ನು ಕಿತ್ತು ಅಲುಗಾಡಿಸಿದ, ಕಿವಿಗೆ ಹಿಡಿದ. ಆಮೇಲೆ ಬೋರ್ಡಿನತ್ತ ತಿರುಗಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಬೆಳಗಿನಿಂದ ಹತ್ತಾರು ಸಲ ಕಣ್ಣಾಡಿಸಿದ್ದ ಬೋರ್ಡು. ತನ್ನ ಹೆಸರು ಇದೆಯೇ ಎಂದು ಅವನು ಒಮ್ಮೆಯೂ ಹುಡುಕಿರಲಿಲ್ಲ.

ಹೆಸರು ಇರಲಿಲ್ಲ.

ಸದ್ದು ಒಂದೊಂದಾಗಿ ಅಡಗಿತು.

“ಇವತ್ತು ನೀನು ಎಲ್ಲಿಗೆ ಹೋಗೋನಿದ್ದೆ?” ಇನ್‌ಸ್ಪೆಕ್ಟರ್ ಕೇಳಿದಳು.

“ಕೆಳಗೆ.” ಅವನ ದನಿ ಒಡೆದಿತ್ತು. “ಪೂರ್ವದ ಗೋಡೆ ಹತ್ರ ಸಿಗ್ನಲ್ ಕಂಬ ಬಾಗಿದೆ. ಬಂಡೆ ಬೀಳಿಸೋ ಮುಂಚೆ ಬಿಚ್ಚಿ ತರಬೇಕು.”

“ನೀನು ಅಲ್ಲಿ ಕಂಬ ಬಿಚ್ತಾ ಇರ್ತೀಯ. ಎಚ್ಚರಿಕೆ ಬರುತ್ತೆ, ನಿನ್ನದು ಕೂಗಲ್ಲ. ಇಲ್ಲಿ ಬೋರ್ಡು ಹಸಿರಾಗುತ್ತೆ. ಮೇಸ್ತ್ರಿ ಒತ್ತುತ್ತಾನೆ.” ಅವಳು ಅವನತ್ತ ಬಾಗಿದಳು. “ಕೀಲಿ ನಿನ್ನ ಹತ್ರ ಮಾತ್ರ ಇದೆ ಅಂದ್ಯಲ್ಲ. ನಿನ್ನ ಹೆಸರು ನೀನೇ ತೆಗೆದ್ಯಾ?”

ಅವನು ಮತ್ತೆ ಬೋರ್ಡಿನಲ್ಲಿ ತನ್ನ ಹೆಸರು ಹುಡುಕತೊಡಗಿದ.

“ನಾನು ತೆಗೆದೆ,” ಅಂದಳು ಅಕ್ಕ.

ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಮತ್ತೆ ಗೋಡೆಗೆ ಒರಗಿದ್ದಳು.

“ಇವನ ಪಾಸ್‌ವರ್ಡ್ ಚಿಕ್ಕಂದಿನಿಂದ ಒಂದೇ. ನಾವು ಸಾಕಿದ್ದ ನಾಯಿ ಹೆಸರು. ಇಷ್ಟು ಓದಿ ಅದನ್ನ ಬದಲಾಯಿಸೋ ಬುದ್ಧಿ ಬರ್ಲಿಲ್ಲ.” ತಮ್ಮನತ್ತ ತಿರುಗಿದಳು. “ನನ್ನ ಗಂಡನ ಹೆಸರು ತೆಗೆದಿದ್ದು ನೀನೇ ಅಂತ ನನಗೆ ಗೊತ್ತು. ಅವನು ಸತ್ತ ಹಾಗೇ ನೀನೂ ಸಾಯಬೇಕಿತ್ತು. ಇವರು ಬಂದು ಕೆಡಿಸಿದ್ರು.”

“ಅಕ್ಕಾ…”

“ಅಕ್ಕ ಅನ್ನಬೇಡ.”

ಇನ್‌ಸ್ಪೆಕ್ಟರ್ ಇಬ್ಬರ ನಡುವೆ ಬಂದು ನಿಂತಳು. ಅಕ್ಕನ ಕಡೆ ಬೆನ್ನು ಹಾಕಲಿಲ್ಲ. “ಅವಳು ಹೇಳ್ತಿರೋದು ನಿಜಾನಾ? ಭಾವನ ಹೆಸರು ತೆಗೆದಿದ್ದು ನೀನಾ?”

ಅವನ ಕಣ್ಣಲ್ಲಿ ನೀರು ತುಂಬಿತ್ತು. ಅದು ದುಃಖದ್ದೋ ಭಯದ್ದೋ ಹೇಳುವುದು ಕಷ್ಟ.

“ಹೌದು. ತೆಗೀ ಅಂದಿದ್ದು ಅವನೇ.”

“ಯಾರು?”

“ಭಾವ. ಪೂರ್ವದ ಗೋಡೆ ಅಗೀತಾ ಅಗೀತಾ ನಮ್ಮ ಗಣಿ ಎಲ್ಲೆ ದಾಟಿ ರಸ್ತೆ ಅಡಿಗೆ ಹೋಗಿದೆ ಅಂತ ಅವನಿಗೆ ಅನುಮಾನ ಇತ್ತು. ಅಳೆದು ನೋಡ್ಬೇಕು, ಆದ್ರೆ ಬೋರ್ಡಲ್ಲಿ ಹೆಸರು ಕಂಡ್ರೆ ಧಣಿಗಳಿಗೆ ಗೊತ್ತಾಗುತ್ತೆ. ‘ಬೆಳಿಗ್ಗೆ ಸ್ವಲ್ಪ ಹೊತ್ತು ನನ್ನ ಹೆಸರು ತೆಗೆದಿಡೋ’ ಅಂದ. ನಾನು ಲೈನ್ ಮುಚ್ಚಲಿಲ್ಲ. ಬೇಕಂತಲೇ ಬಿಟ್ಟೆ, ಅವನಿಗೊಬ್ಬನಿಗೆ ಬೇರೆಯಾಗಿ ಎಚ್ಚರಿಕೆ ಕಳಿಸೋಕೆ.”

“ಕಳಿಸಿದ್ಯಾ?”

“ಕಳಿಸಿದೆ! ಮೇಸ್ತ್ರಿ ಎಲ್ಲರಿಗೂ ಕಳಿಸಿದ ಕೂಡ್ಲೇ ಕಳಿಸಿದೆ. ಉತ್ತರಾನೂ ಬಂತು. ‘ಹೊರಗಿದ್ದೀನಿ’ ಅಂತ ಒತ್ತಿದ್ದ. ಅದನ್ನ ನೋಡಿದ ಮೇಲೇ ನಾನು ಸುಮ್ಮನಾದೆ.”

ಇನ್‌ಸ್ಪೆಕ್ಟರಿಗೆ ಆ ದಾಖಲೆ ಪರೀಕ್ಷಿಸಿದ ಪೊಲೀಸ್ ಲ್ಯಾಬಿನವರ ಮಾತು ನೆನಪಾಯಿತು. ಸಿಡಿತಕ್ಕೆ ತುಸು ಮುಂಚೆ ಉಳಿದವಕ್ಕಿಂತ ಉದ್ದದ ಒಂದು ಸಂದೇಶ ಹೋಗಿತ್ತು, ಅಷ್ಟೇ ಉದ್ದದ ಇನ್ನೊಂದು ಮರಳಿ ಬಂದಿತ್ತು. ಅದೇನೆಂದು ಅವರಿಗೂ ತಿಳಿದಿರಲಿಲ್ಲ, ಅವಳಿಗೂ. ಇವನು ಸುಳ್ಳು ಹೇಳುತ್ತಿರಲಿಲ್ಲ.

ಆದರೆ ಸರ್ವೇಯರ್ ಹೊರಗಿರಲಿಲ್ಲ. ಗೋಡೆಯ ಬುಡದಲ್ಲೇ ಇದ್ದ. ಹ್ಯಾಂಡ್‌ಸೆಟ್ ಸಿಕ್ಕಿದ್ದು ಅವನ ಬೆಲ್ಟಿನಲ್ಲಲ್ಲ, ದೂರದಲ್ಲಿ. ಕ್ಲಿಪ್ಪು ಮುರಿದಿರಲಿಲ್ಲ. ಯಾರೋ ಮೆಲ್ಲಗೆ ಬಿಡಿಸಿ ತೆಗೆದಿದ್ದರು. ಯಾರೋ ಒತ್ತಿದ್ದರು.

“ಇಷ್ಟು ದಿನ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?”

ಅವನು ನೆಲ ನೋಡಿದ.

“ಹೆಸರು ತೆಗೆದಿದ್ದು ಒಪ್ಕೊಂಡ್ರೆ ಜೈಲು ಅಂತಾನಾ? ಅಷ್ಟೇ ಆಗಿದ್ರೆ ಭಾವನೇ ಕೇಳಿದ್ದ ಅಂತ ಮೊದಲ ದಿನವೇ ಬಾಯಿ ಬಡ್ಕೊಳ್ತಿದ್ದೆ.” ಇನ್‌ಸ್ಪೆಕ್ಟರ್ ಪ್ರಶ್ನೆಯನ್ನು ಹಿಂದಕ್ಕೆ ಎಳೆದಳು, ಮತ್ತೆ ಮುಂದಕ್ಕೆ. “ಸರ್ವೇ ಒಬ್ಬನಿಂದ ಆಗೋ ಕೆಲಸ ಅಲ್ಲ. ಒಬ್ಬ ಯಂತ್ರದಲ್ಲಿ ಕಣ್ಣಿಟ್ಟು ನೋಡ್ಬೇಕು. ಇನ್ನೊಬ್ಬರು ದೂರದಲ್ಲಿ ಅಳತೆ ಕೋಲು ಹಿಡಿದು ನಿಲ್ಲಬೇಕು. ಅವತ್ತು ಭಾವ ಎಷ್ಟು ಹೆಸರು ತೆಗಿ ಅಂದ?”

ಹೊರಗೆ ಪುಡಿಯಂತ್ರ ನಿಂತಿತ್ತು. ಎಚ್ಚರಿಕೆಗೆ ಹೆದರಿ ಯಾರೋ ಆಫ್ ಮಾಡಿದ್ದರು. ಬೆಳಗಿನಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಇಲ್ಲವಾಗಿ ಕೋಣೆಯಲ್ಲಿ ಮೂವರ ಉಸಿರು ಬೇರೆಬೇರೆಯಾಗಿ ಕೇಳಿಸಿತು.

“ಎರಡು,” ಅಂದ.

“ಇನ್ನೊಂದು ಯಾರದ್ದು?”

ಅವನು ತಲೆಯಾಡಿಸಿದ. ಕೆನ್ನೆ ಒರೆಸಿಕೊಂಡ. ಕೈಯಲ್ಲಿದ್ದ ಮೂಕ ಹ್ಯಾಂಡ್‌ಸೆಟ್ಟನ್ನು ಮೇಜಿನ ಮೇಲಿಟ್ಟ. ಆಮೇಲೆ, ತಡೆಯಲಾರದೆ, ಕಣ್ಣೆತ್ತಿ ಗೋಡೆಯ ಕಡೆ ನೋಡಿದ.

ಅಕ್ಕ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಕಟ್ಟಿದ್ದ ಕೈ ಬಿಚ್ಚಿತ್ತು. ಹಿಂದಿದ್ದ ಬಾಗಿಲಿನ ಚಿಲಕ ಯಾವಾಗ ಹಾಕಿದಳೋ, ಇನ್‌ಸ್ಪೆಕ್ಟರ್ ನೋಡಿರಲಿಲ್ಲ.

“ಹೇಳೋ,” ಅಂದಳು ತಮ್ಮನಿಗೆ. “ಯಾರದ್ದು ಅಂತ ಹೇಳಿಬಿಡು, ನೋಡೋಣ.”